ಅರಿಷಿಣದ ರಾತ್ರಿಯ ಸನಾದಿ

ಮಗಳ ಮದುವೆ ಹಿಡಿದ ಅಪ್ಪನಷ್ಟು ಬೈಸಿಕೊಳ್ಳುವ ಪ್ರಾಣಿ ಈ ಭೂಮಿಯ ಮೇಲೆ ಇನ್ನೊಂದಿಲ್ಲ. ಟೇಲರ್ ಬ್ಲೌಸ್ ತಡ ಮಾಡಿದರೆ ನಾನೇ ಕಾರಣ. ಲಗ್ನಪತ್ರಿಕೆಯಲ್ಲಿ ಸೋದರಮಾವನ ಹೆಸರು ಕೆಳಗೆ ಬಿದ್ದರೆ ನಾನೇ ಕಾರಣ. ಅಡುಗೆಯವನು ಫೋನ್ ಎತ್ತದಿದ್ದರೂ ನಾನೇ ಕಾರಣ. ಆ ತಿಂಗಳು ಶಹಾಪುರದ ಬಜಾರಿನಲ್ಲಿ ನಾನು ತಿರುಗಿದ್ದನ್ನು ನೋಡಿದವರು ನನಗೇನೋ ಅಲ್ಲೇ ಅಂಗಡಿ ಇದೆ ಎಂದುಕೊಂಡಿರಬೇಕು. ಬಿ.ಪಿ. ಗುಳಿಗೆ ನುಂಗಿದೆನೋ ಇಲ್ಲವೋ ನೆನಪಾಗದೆ ಮತ್ತೊಂದು ನುಂಗುತ್ತಿದ್ದೆ. ನನ್ನ ಹೆಂಡತಿಯಂತೂ ನಿದ್ದೆಯಲ್ಲೇ ಎದ್ದು ಕೂತು, "ಏನ್ರಿ, ಅರಿಷಿಣ ಕೊಂಬು ತಂದೀರಿಲ್ಲೋ?" ಎಂದು ಕೇಳಿ ಮತ್ತೆ ಮಲಗಿಬಿಡುತ್ತಿದ್ದಳು. ಆಮೇಲೆ ನಿದ್ದೆ ಬಾರದಿರುವುದು ನನಗೆ.

ಇದೆಲ್ಲ ಯಾರ ಮನೆಯ ಮದುವೆಯಲ್ಲಾದರೂ ಇರುವುದೇ. ನನಗೇನು ಹೊಸದಲ್ಲ, ನಾನು ಬದುಕಿದ್ದೇ ಮದುವೆಗಳಲ್ಲಿ. ಸನಾದಿ, ಎಂದರೆ ನಮ್ಮ ಕಡೆಯ ಶಹನಾಯಿ, ಊದುವುದು ನಮ್ಮ ಮನೆತನದ ಕಸುಬು. ಅಜ್ಜ ಊದಿದ, ಅಪ್ಪ ಊದಿದ, ನಾನು ಮೆಟ್ರಿಕ್ ಪಾಸಾಗಿಯೂ ಊದಿದೆ. ಬಳಿಚಕ್ರದಿಂದ ಕಕ್ಕೇರಾದವರೆಗೆ ನನ್ನ ಸನಾದಿ ಕೇಳದ ಹಂದರ ಕಡಿಮೆ ಎಂದರೆ ಜಂಬವಾದೀತು. ಆಗಲಿ ಬಿಡಿ, ಜಂಬ ಬಿಟ್ಟರೆ ನನ್ನ ಹತ್ತಿರ ಈಗ ಬೇರೇನೂ ಉಳಿದಿಲ್ಲ.

ತಾಳಿ ಕಟ್ಟಿ ಅಕ್ಕಿಕಾಳು ಬೀಳುವ ಹೊತ್ತಿಗೆ ಸನಾದಿ ಮೇಲಿನ ಸ್ವರಕ್ಕೆ ಏರಬೇಕು, ಕೊನೆಯ ಕಾಳು ಬೀಳುವವರೆಗೂ ಅಲ್ಲೇ ನಿಲ್ಲಬೇಕು. ಆ ಹೊತ್ತಿನಲ್ಲಿ ನಮ್ಮ ಕಡೆ ಯಾರೂ ನೋಡುವುದಿಲ್ಲ. ಆದರೆ ನಡುವೆ ಒಮ್ಮೆ ಉಸಿರು ಕಡಿದರೆ ಸಾಕು, ಇಡೀ ಹಂದರ ತಿರುಗಿ ನೋಡುತ್ತದೆ. ಊರ ಮಂದಿಯ ಹೆಣ್ಣುಮಕ್ಕಳಿಗೆಲ್ಲ ಹಾಗೆ ಊದಿದವನಿಗೆ ತನ್ನ ಒಬ್ಬಳೇ ಮಗಳಿಗೆ ಒಮ್ಮೆ ಊದಬೇಕೆಂದು ಆಸೆ ಇದ್ದರೆ ಅದೇನು ದೊಡ್ಡ ಆಸೆಯೇ? ಧಾರೆ ಎರೆಯಬೇಕು, ಕೈ ಒರೆಸಿಕೊಂಡು ಎದ್ದು ಹೋಗಬೇಕು, ಸನಾದಿ ಹಿಡಿಯಬೇಕು. ಅವಳು ಲಂಗ ಉಟ್ಟು ಓಡಾಡುವಾಗಿನಿಂದ ಇದೇ ನನ್ನ ತಲೆಯಲ್ಲಿತ್ತು. ನನಗೆ ಗಂಡುಮಕ್ಕಳಿಲ್ಲ. ಮನೆಯಲ್ಲಿ ನಾನು ರೂಢಿ ಮಾಡುವಾಗ ಪಕ್ಕದಲ್ಲಿ ಕೂತು ಶ್ರುತಿ ಊದುತ್ತಿದ್ದವಳು ಅವಳೇ. ಕೆನ್ನೆ ಎರಡೂ ಬೊಂಡಾ ಆಗುತ್ತಿದ್ದವು.

ಆ ಮಗಳು ಬಿ.ಎಡ್. ಮಾಡಿದಳು, ಖಾಸಗಿ ಶಾಲೆಯಲ್ಲಿ ಟೀಚರ್ ಆದಳು. ನೋಡಲು ಬಂದವರು ಅವಳನ್ನು ಮೆಚ್ಚಿದರು, ಓದನ್ನು ಮೆಚ್ಚಿದರು. ಆಮೇಲೆ ಗೋಡೆಗೆ ತೂಗಿದ್ದ ಸನಾದಿಯ ಚೀಲ ನೋಡಿ ಚಹಾದ ಕಪ್ಪು ಕೆಳಗಿಟ್ಟರು. ಹೀಗೆ ಒಂದಲ್ಲ, ಎರಡಲ್ಲ. ನಮ್ಮದೇ ಜಾತಿಯವರು, ಬೇರೆಯವರಲ್ಲ. ಕಸುಬು ಬಿಟ್ಟವರಿಗೆ ಕಸುಬು ಬಿಡದವರನ್ನು ಕಂಡರೆ ಏನೋ ಅಂಜಿಕೆ.

ಕೊನೆಗೆ ಸುರಪುರದ ಸಂಬಂಧ ಕೂಡಿತು. ಹುಡುಗ ಯಾದಗಿರಿಯಲ್ಲಿ ಆಫೀಸಿನಲ್ಲಿದ್ದಾನೆ, ಒಳ್ಳೆಯವನು, ಅವನ ಬಗ್ಗೆ ನಾನು ಒಂದು ಮಾತೂ ಆಡುವುದಿಲ್ಲ. ಅವನಪ್ಪನಿಗೆ ಸುರಪುರದಲ್ಲಿ ಸಿಮೆಂಟಿನ ಅಂಗಡಿ. ಹಿರಿಯ ಮಗಳನ್ನು ಯಾದಗಿರಿಯ ಸ್ಥಿತಿವಂತರ ಮನೆಗೆ ಕೊಟ್ಟಿದ್ದ. ಆ ಯಾದಗಿರಿಯವರೂ ನಮ್ಮವರೇ, ಆದರೆ ಮೂರು ತಲೆಮಾರಿನಿಂದ ವಾದ್ಯ, ಬಾಜಾ ಮುಟ್ಟಿದವರಲ್ಲ. ನಿಶ್ಚಯಕ್ಕೆ ಅವರು ಬಂದಿರಲಿಲ್ಲ. ನಿಶ್ಚಯದ ದಿನ ಊಟವಾದ ಮೇಲೆ ಬೀಗ ನನ್ನ ಹೆಗಲ ಮೇಲೆ ಕೈ ಹಾಕಿ ಕೈ ತೊಳೆಯುವ ನಳದ ಹತ್ತಿರ ಕರೆದೊಯ್ದ.

"ಬೀಗರ, ಒಂದ ಮಾತು. ಸಿಟ್ಟ ಮಾಡ್ಕೋಬ್ಯಾಡ್ರಿ. ಲಗ್ನದಾಗ ಬಾಜಾ ಬ್ಯಾಡ್ರಿ. ಡಿಜೆ ನಾ ಹೇಳೇನಿ. ನಮ್ಮ ದೊಡ್ಡ ಮಗಳ ಮನಿಯವರು ಬರ್ತಾರ. ನೀವು ಹೊಲ ಮಾಡ್ಕೊಂಡು ಇರೋರು ಅಂತ ಅವರಿಗಿ ಹೇಳೇನಿ. ಅವರ ಮುಂದ ನೀವ ಊದಕೋತ ಕುಂತ್ರ ನಮ್ಮ ಇಜ್ಜತ್ ಏನ ಉಳೀತದ, ಹೇಳ್ರಿ?"

ನನಗೆ ತಲೆ ಕಾದುಹೋಯಿತು. "ನಿಮ್ಮಪ್ಪ ನಮ್ಮಪ್ಪನ ಬಾಜೂಕ ಕುಂತು ಸಂಬಾಳ ಬಾರಿಸ್ತಿದ್ರು. ನೆನಪದನೋ ಇಲ್ಲೋ?"

"ನೆನಪದ್ರಿ. ಅದಕ್ಕ ಹೇಳಾಕತ್ತೇನಿ" ಎಂದ.

ಮನೆಗೆ ಬಂದು ಚೀರಾಡಿದೆ. ಈ ಸಂಬಂಧ ಬೇಡವೇ ಬೇಡ, ಸುಡುಗಾಡಿಗೆ ಹೋಗಲಿ ಎಂದೆ. ಮಗಳು ಒಳಗಿನಿಂದ ಬಂದು ನನ್ನ ಮುಂದೆ ಕೂತಳು. ಅಳಲಿಲ್ಲ. "ಅಪ್ಪ, ಒಪ್ಕೋ. ಇನ್ನೊಮ್ಮಿ ಸೀರಿ ಉಟ್ಟು ಚಾ ತಗೊಂಡ ಬರಾಕ ನನ್ನ ಕೈಲೆ ಆಗಂಗಿಲ್ಲ" ಎಂದಳು. ಒಪ್ಪಿದೆ. ಸನಾದಿಯನ್ನು ಗೋಡೆಯಿಂದ ಇಳಿಸಿ ಹಾಸಿಗೆಯ ಟ್ರಂಕಿನಲ್ಲಿಟ್ಟೆ.

ಆದರೆ ನಮ್ಮ ಬಾಜಾದವರಲ್ಲಿ ಒಂದು ಪದ್ಧತಿ ಇದೆ. ಮದುವೆಯ ದಿನ ಎಲ್ಲರಿಗೂ ಎಲ್ಲಾದರೂ ಕೆಲಸ ಇದ್ದೇ ಇರುತ್ತದೆ. ಅದಕ್ಕೇ ಬಾಜಾದವನ ಮನೆಯ ಮದುವೆಗೆ ಉಳಿದ ಬಾಜಾದವರು ಮುಂಚಿನ ರಾತ್ರಿ, ಅರಿಷಿಣದ ರಾತ್ರಿ, ಬರುತ್ತಾರೆ. ಊಟ ಮಾಡಿ, ಹಂದರದಲ್ಲಿ ಕೂತು, ಪುಕ್ಕಟೆ ನುಡಿಸಿ ಹೋಗುತ್ತಾರೆ. ಮುಯ್ಯಿ ಎಂದು ಬೇರೆಯವರು ಸೀರೆ, ಬೋಗುಣಿ ತಂದರೆ ನಮ್ಮವರು ತರುವುದು ಇದನ್ನೇ. ಅವರೆಲ್ಲರ ಮನೆಯಲ್ಲಿ ನಾನು ಹಾಗೆ ಊದಿ ಬಂದವ. ತಿರುಗಿ ಕೊಡಲು ಬಂದ ಮುಯ್ಯಿಯನ್ನು ಬೇಡ ಎಂದರೆ ಅವರ ಮುಖಕ್ಕೆ ಹೊಡೆದಂತೆ. ಆದರೂ ಅಂದು ನೋಡಿದೆ. ಕಕ್ಕೇರಾದ ಗೆಳೆಯನಿಗೆ ಫೋನ್ ಮಾಡಿದೆ. ಸಂಬಾಳದ ಎರಡು ಡೋಲು ಬಾರಿಸುವವ, ನನ್ನ ಜೋಡಿ ಮೂವತ್ತು ವರ್ಷ ದುಡಿದವ.

"ಬರಬ್ಯಾಡ್ರಲೇ ಈ ಸಲ. ಬೀಗರಿಗಿ ಸೇರಂಗಿಲ್ಲ."

"ನಿನ್ನ ಬೀಗರ ಮನಿಗಿ ಯಾರ ಹೊಂಟಾರ? ನಿನ್ನ ಮನಿಗಿ ಬರ್ತೀವಿ. ಆಕಿ ನಮಗೂ ಮಗಳ ಹೌದಿಲ್ಲೋ?" ಎಂದು ಫೋನ್ ಇಟ್ಟುಬಿಟ್ಟ.

ನಾನೂ ಯೋಚಿಸಿದೆ. ಬೇಡ ಎಂದದ್ದು ಲಗ್ನದಲ್ಲಿ. ಲಗ್ನ ಯಾದಗಿರಿಯ ಮಂಗಲ ಕಾರ್ಯಾಲಯದಲ್ಲಿ, ಮಾರನೆಯ ದಿನ. ಅರಿಷಿಣದ ರಾತ್ರಿ ನನ್ನ ಮನೆಯ ಹಂದರದಲ್ಲಿ ನಾಲ್ಕು ಮಂದಿ ನುಡಿಸಿದರೆ ಸುರಪುರಕ್ಕೆ ಕೇಳುತ್ತದೆಯೇ? ಮದುಮಗನಿಗೆ ಹಚ್ಚಿ ಉಳಿದ ಅರಿಷಿಣವನ್ನು ಅವರ ಮನೆಯ ಹೆಂಗಸರು ಮದುಮಗಳಿಗೆ ತಂದು ಹಚ್ಚಬೇಕು, ಸರಿ. ಆದರೆ ಅದು ನಮ್ಮಲ್ಲಿ ಬರುವುದು ಮದುವೆಯ ದಿನ ನಸುಕಿನಲ್ಲಿ. ನಮ್ಮ ಮನೆಗಳಲ್ಲಿ ಯಾವತ್ತಿಗೂ ಹಾಗೆಯೇ. ಅವರಲ್ಲಿ ಯಾವಾಗ ಎಂದು ನಾನು ಕೇಳಲಿಲ್ಲ. ಅವರು ನಮ್ಮವರೇ ಅಲ್ಲವೇ, ಕೇಳುವುದೇನು?

ಆ ರಾತ್ರಿಯ ಬಗ್ಗೆ ಸುಳ್ಳು ಹೇಳಲಾರೆ. ನನ್ನ ಜನ್ಮದಲ್ಲಿ ಅಂಥ ಸುಖದ ಗಳಿಗೆ ಮತ್ತೆ ಬಂದಿಲ್ಲ. ಹಂದರಕ್ಕೆ ಟ್ಯೂಬ್‌ಲೈಟ್ ಕಟ್ಟಿದ್ದೆವು. ಒಳಗೆ ಹೆಂಗಸರು ಮಗಳಿಗೆ ನಮ್ಮ ಮನೆಯ ಅರಿಷಿಣ ಹಚ್ಚಿ ಮುಗಿಸಿದ್ದರು. ಹೊರಗೆ ಕಕ್ಕೇರಾದವನ ಸಂಬಾಳ, ಬಳಿಚಕ್ರದಿಂದ ಬಂದ ಇಬ್ಬರು ಹಲಗೆಯವರು, ಶ್ರುತಿ ಹಿಡಿಯಲು ಒಬ್ಬ. ನಾನು ಬರೀ ಕೇಳುತ್ತೇನೆ ಎಂದು ಗೋಡೆಗೆ ಒರಗಿ ಕೂತಿದ್ದೆ.

"ಯಾಕಲೇ, ಬೀಗರು ಹಲ್ಲು ಕಿತ್ಕೊಂಡ ಹೋಗ್ಯಾರೇನು?" ಎಂದ ಗೆಳೆಯ. ಎಲ್ಲರೂ ನಕ್ಕರು. ಹೆಂಡತಿ ಒಳಗೆ ಹೋಗಿ, ಟ್ರಂಕು ತೆಗೆದು, ಸನಾದಿ ತಂದು ನನ್ನ ತೊಡೆಯ ಮೇಲಿಟ್ಟಳು. ತಿಂಗಳುಗಟ್ಟಲೆ ನನ್ನನ್ನು ಬೈದ ಹೆಂಗಸು!

ಊದಿದೆ. ಮೊದಲಿಗೆ ಗಾಳಿ ಒಡೆಯಿತು, ಆಮೇಲೆ ಹಾದಿಗೆ ಬಂತು. ಅಡುಗೆಯವ, ಟೇಲರ್, ಲಗ್ನಪತ್ರಿಕೆ ಎಲ್ಲ ತಲೆಯಿಂದ ಇಳಿದುಹೋದವು. ಮಗಳು ಅರಿಷಿಣದ ಮೈಯಲ್ಲೇ ಹೊಸ್ತಿಲ ಹತ್ತಿರ ಬಂದು ಕೂತಳು, ಮೊಣಕಾಲ ಮೇಲೆ ಬೆರಳಿನಿಂದ ತಾಳ ಹಾಕುತ್ತಿದ್ದಳು. ಅಕ್ಕಿಕಾಳಿಗೆ ಊದುವುದನ್ನು ಈಗಲೇ ಊದಿಬಿಡುತ್ತೇನೆ, ನಾಳೆಯದು ನಾಳೆಗೆ, ಎಂದು ಮನಸ್ಸಿನಲ್ಲಿ ಅಂದುಕೊಂಡು ಕಣ್ಣು ಮುಚ್ಚಿ ಮೇಲಿನ ಸ್ವರಕ್ಕೆ ಏರಿದೆ.

ಮೊದಲು ಒಂದು ಹಲಗೆ ನಿಂತಿತು. ಆಮೇಲೆ ಇನ್ನೊಂದು. ಆಮೇಲೆ ಸಂಬಾಳ. ಯಾರೋ ಚಹಾ ತಂದಿರಬೇಕು ಎಂದುಕೊಂಡೆ. ನಾನೊಬ್ಬನೇ ಇನ್ನೂ ಊದುತ್ತಿದ್ದೆ. ಕಣ್ಣು ತೆರೆದಾಗ ಹಂದರದ ಬಾಯಿಯಲ್ಲಿ ಕ್ರೂಸರ್ ಗಾಡಿ, ಅದರಿಂದ ಇಳಿದ ಹೆಂಗಸರು, ಅವರ ಕೈಯಲ್ಲಿ ಮುಚ್ಚಿದ ತಾಟು. ಎಲ್ಲರಿಗಿಂತ ಮುಂದೆ ಬೀಗ. ಅವನ ಪಕ್ಕಕ್ಕೆ ಯಾದಗಿರಿಯ ಇಬ್ಬರು ಗಂಡಸರು, ಅವನ ಹಿರಿಯ ಮಗಳ ಮನೆಯವರು. ಆ ಯಾದಗಿರಿಯವರಲ್ಲಿ ಅರಿಷಿಣ ಮುಂಚಿನ ರಾತ್ರಿಯೇ ಬರುತ್ತದಂತೆ. ಬೀಗ ಕಸುಬು ಬಿಟ್ಟ ಹಾಗೆ ನಮ್ಮ ಪದ್ಧತಿಯನ್ನೂ ಬಿಟ್ಟು ಅವರದನ್ನು ಹಿಡಿದಿದ್ದ. ಹೇಳಬೇಕು ಎಂದು ಅವನಿಗೂ ಹೊಳೆದಿಲ್ಲ, ಕೇಳಬೇಕು ಎಂದು ನನಗೂ ಹೊಳೆದಿಲ್ಲ.

ಯಾದಗಿರಿಯವರಲ್ಲಿ ಹಿರಿಯ, ದಪ್ಪ ಮೀಸೆಯವ, ಸುತ್ತ ನೋಡಿದ. "ನಿಮ್ಮ ಬೀಗರು ಎಲ್ಲಿ? ಕಾಣವಲ್ರು?"

ಬೀಗ ನನ್ನನ್ನು ನೋಡಿದ. ನನ್ನ ಕೈಯಲ್ಲಿದ್ದ ಸನಾದಿಯನ್ನು ನೋಡಿದ. "ಒಳಗ ಇರಬೇಕ್ರಿ" ಎಂದ.

ಆಮೇಲೆ ಜೇಬಿಗೆ ಕೈ ಹಾಕಿ ಒಂದು ನೋಟು ತೆಗೆದ. ಹೊಸ್ತಿಲ ಹತ್ತಿರ ಹೋಗಿ ನನ್ನ ಮಗಳ ಮುಖಕ್ಕೆ ಅದನ್ನು ಮೂರು ಸಲ ನಿವಾಳಿಸಿದ. ತಿರುಗಿ ಬಂದು ನನ್ನ ಮುಂದೆ ಹಿಡಿದ. ಮದುಮಗಳಿಗೆ ನಿವಾಳಿಸಿದ ನೋಟು ಬಾಜಾದವನಿಗೆ, ಅದು ಎಲ್ಲ ಕಡೆ ಇರುವುದೇ.

"ತಗೋ ತಮ್ಮಾ. ಛಲೋ ಊದಿದಿ."

ತಿಂಗಳುಗಟ್ಟಲೆ ಬೀಗರೇ, ಬೀಗರೇ ಎನ್ನುತ್ತಿದ್ದ ಬಾಯಿ ಅದು. ನಾನು ಆಗ ಎದ್ದು ನಿಲ್ಲಬೇಕಿತ್ತು. ಬೀಗರು ಒಳಗೆ ಇಲ್ಲ, ಇಲ್ಲೇ ಇದ್ದಾರೆ ಎನ್ನಬೇಕಿತ್ತು. ಆದರೆ ನನ್ನ ಕೈ ನನ್ನ ಮಾತು ಕೇಳಲಿಲ್ಲ. ಇಷ್ಟು ವರ್ಷ ನೋಟು ಮುಂದೆ ಬಂದಾಗಲೆಲ್ಲ ಏನು ಮಾಡಿತ್ತೋ ಅದನ್ನೇ ಮಾಡಿತು. ತಾನಾಗಿ ಮುಂದೆ ಹೋಗಿ ನೋಟು ಹಿಡಿಯಿತು, ಎರಡೂ ಕಣ್ಣಿಗೆ ಒತ್ತಿತು, ಟೋಪಿಯ ಮಡಿಕೆಯಲ್ಲಿ ಸಿಗಿಸಿತು. ಸಿಗಿಸಿ ಆದ ಮೇಲೆ ನನಗೆ ತಿಳಿಯಿತು. ಹಾಳಾದ ಕೈ, ಅದಕ್ಕೇನು ಅನ್ನಲಿ.

ಹೊಸ್ತಿಲಲ್ಲಿ ಕೂತ ಮಗಳು ಎಲ್ಲವನ್ನೂ ನೋಡಿದಳು. ಅಷ್ಟರಲ್ಲಿ ಒಳಗಿನಿಂದ ನನ್ನ ಅಣ್ಣ ಹೊರಗೆ ಬಂದ. ಅವನು ಖರೆಯಾಗಿಯೇ ಹೊಲ ಮಾಡಿಕೊಂಡಿರುವವ. ಬೀಗ ಓಡಿ ಹೋಗಿ ಅವನನ್ನು ತಬ್ಬಿಕೊಂಡು, "ಬರ್ರಿ ಬೀಗರ! ಎಲ್ಲಿ ಹೋಗಿದ್ರಿ?" ಎಂದು ದೊಡ್ಡ ದನಿಯಲ್ಲಿ ಕೇಳಿದ. ಅಣ್ಣ ಪಿಳಿಪಿಳಿ ಕಣ್ಣು ಬಿಡುತ್ತ ಬೀಗನ ಹೆಗಲ ಮೇಲಿಂದ ನನ್ನನ್ನು ನೋಡಿದ. ನಾನು ತಲೆ ತಗ್ಗಿಸಿ ಸನಾದಿಯ ತುದಿ ಒರೆಸತೊಡಗಿದೆ. ಮೀಸೆಯವನಿಗೆ ಬಹಳ ಖುಷಿಯಾಗಿತ್ತು. ಅವನೂ ಒಂದು ನೋಟು ನಿವಾಳಿಸಿ ತಂದು ನನ್ನ ಮುಂದೆ ಇಟ್ಟು, "ಅರಿಷಿಣ ಹಚ್ಚಾಕತ್ತಾರ, ಇನ್ನೊಂದ ಊದಪಾ" ಎಂದ.

ಊದಿದೆ. ಊದದೆ ಏನು ಮಾಡಲಿ? ಅವರ ಮನೆಯ ಅರಿಷಿಣ ನನ್ನ ಮಗಳ ಕೆನ್ನೆಗೆ ಹತ್ತುವಾಗ ನಾನೇ ಊದಿದೆ. ಕಕ್ಕೇರಾದವನು ಸಂಬಾಳ ಮುಟ್ಟಲಿಲ್ಲ. ಕೈ ಕಟ್ಟಿಕೊಂಡು ಕೂತಿದ್ದ.

ಹೊರಡುವಾಗ ಬೀಗ ಏನೋ ಮರೆತವನ ಹಾಗೆ ಒಬ್ಬನೇ ಹಿಂದೆ ಉಳಿದ. ನನ್ನನ್ನು ಹಂದರದ ಮರೆಗೆ ಕರೆದ.

"ಬೀಗರ, ಕಾಲ ಬೀಳ್ತೀನ್ರಿ. ಹಿಂಗ ಆಗ್ತದಂತ ನನಗ ಗೊತ್ತಿದ್ದಿಲ್ಲ. ಅಚಾನಕ್ ಬಾಯಾಗ ಬಂದುಬಿಡ್ತು. ನಾಳಿ ಧಾರಿಗಿ ನಿಮ್ಮ ಅಣ್ಣಾರನ್ನ ಕೂಡಿಸ್ರಿ. ಅವರು ನಿಮ್ಮ ಮಾರಿ ನೋಡ್ಯಾರ, ಗುರ್ತು ಹಿಡೀತಾರ."

"ಆಕೀಗಿ ಅಪ್ಪ ನಾನ್ರಿ."

"ನನಗ ಗೊತ್ತಿಲ್ಲೇನ್ರಿ?" ಎಂದ. ಅವನ ಕಣ್ಣಲ್ಲಿ ನೀರಿತ್ತು. ಅದನ್ನು ನೋಡಿ ನನಗೆ ಇನ್ನಷ್ಟು ಸಿಟ್ಟು ಬಂತು. ಅಳುವುದನ್ನಾದರೂ ನನಗೆ ಬಿಡಬಾರದಿತ್ತೇ ಈ ಮನುಷ್ಯ!

ಗೆಳೆಯ ಹಾರಾಡಿದ. ಈಗಲೇ ಮೋಟರ್ ಸೈಕಲ್ ಹತ್ತಿ ಕ್ರೂಸರ್ ಅಡ್ಡಗಟ್ಟುತ್ತೇನೆ, ಎಲ್ಲರ ಮುಂದೆ ಹೇಳುತ್ತೇನೆ ಎಂದ. ನನ್ನ ಹೆಂಡತಿ ಅವನ ಮುಂದೆ ಸೆರಗೊಡ್ಡಿದಳು. "ಬ್ಯಾಡಣ್ಣಾ, ಬ್ಯಾಡ. ಅವರ ಮನಿ ಅರಿಷಿಣ ಹತ್ತೇದ ಆಕೀಗಿ. ಈಗ ಮುರದ್ರ ಮತ್ತ್ಯಾರ ಬರ್ತಾರ ನಮ್ಮ ಮನಿಗಿ?" ಎಂದಳು. ಆಮೇಲೆ ನನ್ನ ಕಡೆ ತಿರುಗಿದಳು. ನನ್ನ ಕೈಯಿಂದ ಸನಾದಿ ತೆಗೆದುಕೊಂಡು ಒಳಗೆ ಹೋದಳು. ಸನಾದಿಯನ್ನು ಟ್ರಂಕಿನಿಂದ ತಂದುಕೊಟ್ಟವಳು ತಾನೇ ಎಂಬುದು ಅವಳಿಗೂ ಗೊತ್ತಿತ್ತು. ಗೆಳೆಯರು ಊಟದ ಎಲೆಯಡಿಕೆ ಕೂಡ ಮುಟ್ಟದೆ ತಮ್ಮ ಹಲಗೆ ಕಟ್ಟಿಕೊಂಡು ಹೋದರು.

ನಾನು ಮಗಳ ಹತ್ತಿರ ಹೋಗಿ ಕೂತೆ. ಮುಖದ ಮೇಲೆ ಅರಿಷಿಣ ಒಣಗಿ ಬಿರುಕು ಬಿಟ್ಟಿತ್ತು. ಏನು ಬೇಕಾದರೂ ಅನ್ನಲಿ ಎಂದು ತಲೆಬಾಗಿಸಿ ಕೂತಿದ್ದೆ.

"ಅಪ್ಪ, ಆ ನೋಟು ಯಾಕ ತಗೊಂಡಿ?"

"ರೂಢಿ, ಅವ್ವಾ" ಎಂದೆ.

"ನೀ ತಗೋಲಿಲ್ಲಂದ್ರ ನಾ ಎದ್ದು ನಿಂತು ಹೇಳ್ತಿದ್ದೆ, ಇವ ನಮ್ಮಪ್ಪ ಅಂತ. ಮಾತು ಬಾಯಿತನಾ ಬಂದಿತ್ತು. ನೀ ತಗೊಂಡು ಕಣ್ಣಿಗಿ ಒತ್ಕೊಂಡಿ. ಆಮ್ಯಾಗ ಏನಂತ ಹೇಳ್ಲಿ?"

ಸಿಟ್ಟಿನಿಂದ ಅಂದದ್ದಲ್ಲ. ಸಿಟ್ಟಾಗಿದ್ದರೆ ಬೈದು ಮುಗಿಸುತ್ತಿದ್ದಳು, ನಾನೂ ಅತ್ತು ಮುಗಿಸುತ್ತಿದ್ದೆ. ಮೆಲ್ಲಗೆ ಎದ್ದು ಮುಖ ತೊಳೆಯಲು ಹೋದಳು. ತೊಳೆಯಬಾರದು, ಬೆಳಗಿನತನಕ ಹಾಗೇ ಇರಬೇಕು ಎಂದು ಯಾರೋ ಹಿಡಿದು ಕೂಡಿಸಿದರು.

ಈಗ ಅವಳು ಯಾದಗಿರಿಯಲ್ಲಿದ್ದಾಳೆ, ಸುಖವಾಗಿದ್ದಾಳೆ ಎಂದೇ ಹೇಳಬೇಕು. ಫೋನ್ ಮಾಡುತ್ತಾಳೆ, ಗುಳಿಗೆ ನುಂಗಿದೆಯಾ ಎಂದು ಕೇಳುತ್ತಾಳೆ. ಆ ಮನೆಯಲ್ಲಿ ಯಾವ ಕಾರ್ಯಕ್ರಮ ಆದರೂ ತವರುಮನೆಯ ಗಂಡಸು ಎಂದು ಅಣ್ಣ ಹೋಗುತ್ತಾನೆ. ಒಮ್ಮೆ ಹೇಳಿದ ಸುಳ್ಳಿಗೆ ಊಟ ಹಾಕುತ್ತಲೇ ಇರಬೇಕು. ಮಗಳೂ ಬಾ ಎಂದು ಕರೆಯುವುದಿಲ್ಲ, ನಾನೂ ಬರುತ್ತೇನೆ ಎನ್ನುವುದಿಲ್ಲ. ಸನಾದಿ ಬಿಟ್ಟಿಲ್ಲ, ಹೊಟ್ಟೆ ಕೇಳಬೇಕಲ್ಲ. ಆದರೆ ನೋಟು ಮುಂದೆ ಬಂದಾಗ ಕೈ ಈಗಲೂ ಹಾಗೇ ಹೋಗುತ್ತದೆ. ಅದನ್ನು ತಡೆಯಬೇಕೆಂದು ಎಷ್ಟು ಸಲ ಅಂದುಕೊಂಡರೂ ಆಗಿಲ್ಲ, ಇನ್ನು ಆಗುವುದೂ ಇಲ್ಲ.

ಮದುವೆಯ ದಿನ ನಾನು ದಿಬ್ಬಣದ ಗಾಡಿಯಲ್ಲಿ ಹೋಗಲಿಲ್ಲ. ಊರ ಮಂದಿಯ ಜೊತೆ ಹಿಂದಿನ ಬಸ್ಸಿನಲ್ಲಿ, ಹಿಂದಿನ ಸೀಟಿನಲ್ಲಿ ಕೂತೆ. ಭೀಮೆಯ ಸೇತುವೆ ದಾಟುವಾಗ ಎಲ್ಲರೂ ಕಿಟಕಿಯಿಂದ ನಾಣ್ಯ ಎಸೆದು ಕೈ ಮುಗಿದರು, ನಾನು ಸುಮ್ಮನೆ ಕೂತಿದ್ದೆ. ಕಾರ್ಯಾಲಯದಲ್ಲಿ ಕಂಬದ ಹಿಂದೆ ನಿಂತೆ. ನಾನು ನನಗೆಂದು ತಂದಿದ್ದ ಜರಿಯ ಪಟಗಾ ಅಣ್ಣ ತಲೆಗೆ ಸುತ್ತಿಕೊಂಡಿದ್ದ. ಧಾರೆ ಎರೆಯುವಾಗ ನೀರು ಹೊರಗೆ ಚೆಲ್ಲಿತು, ಅವನ ಕಣ್ಣಿನಿಂದಲೂ ನೀರು ಇಳಿಯಿತು. "ಪಾಪ, ಹೆತ್ತ ಕರುಳು" ಎಂದರು ನನ್ನ ಮುಂದೆ ನಿಂತ ಹೆಂಗಸರು. ಮಗಳು ಅಣ್ಣನ ಮುಖ ನೋಡಲಿಲ್ಲ. ತಲೆ ಎತ್ತಿ ಮಂದಿಯಲ್ಲಿ ಯಾರನ್ನೋ ಹುಡುಕಿದಳು. ನಾನು ಕಂಬದ ಆ ಕಡೆಗೆ ಸರಿದೆ.

ತಾಳಿಯ ಹೊತ್ತಿಗೆ ಡಿಜೆಯವನು ಗುಂಡಿ ಒತ್ತಿದ. ಡಬ್ಬಿಯೊಳಗಿಂದ ಸನಾದಿ ಬಂತು. ಯಾರು, ಎಲ್ಲಿ, ಯಾವ ಕಾಲಕ್ಕೆ ಊದಿದ್ದೋ ಏನೋ. ಮೇಲಿನ ಸ್ವರಕ್ಕೆ ಏರಿತು, ಅಕ್ಕಿಕಾಳು ಇನ್ನೂ ಬೀಳುತ್ತಿರುವಾಗಲೇ ಹಾಡು ಮುಗಿದು ಟಕ್ಕನೆ ನಿಂತಿತು, ಮತ್ತೆ ಮೊದಲಿನಿಂದ ಶುರುವಾಯಿತು. ಕಾರ್ಯಾಲಯದಲ್ಲಿ ಒಬ್ಬರೂ ತಿರುಗಿ ನೋಡಲಿಲ್ಲ.

ಯಾರೋ ನನ್ನ ಭುಜ ಮುಟ್ಟಿದರು. ರಾತ್ರಿಯ ದಪ್ಪ ಮೀಸೆಯವ. ನಗುತ್ತಿದ್ದ.

"ನಿನ್ನಿ ಊದಿದವ ನೀನ ಅಲ್ಲೇನೋ? ಏನ ಊದಿದಿ ಮಾರಾಯ! ಇವತ್ತ ಯಾಕ ಊದವಲ್ಲಿ?"

"ಇವತ್ತ ನನ್ನ ಕರದಿಲ್ರಿ" ಎಂದೆ.

ಹಾಗೆಂದು, ಮುಷ್ಟಿಯಲ್ಲಿ ಹಿಡಿದಿದ್ದ ಅಕ್ಕಿಕಾಳನ್ನು ಎಲ್ಲರ ಹಾಗೆ ನಿಂತಲ್ಲಿಂದಲೇ ಎಸೆದೆ. ಬೆವರಿಗೆ ಅಂಟಿ ಅರ್ಧ ಕೈಯಲ್ಲೇ ಉಳಿದವು. ಉಳಿದರ್ಧ ಮುಂದೆ ಕೂತವರ ತಲೆಯ ಮೇಲೆ ಬಿದ್ದವು, ಮಗಳವರೆಗೆ ಮುಟ್ಟಲಿಲ್ಲ.